ಆರೋಗ್ಯ ವಿಮೆ: ಕೈಗೆಟಕುವ ಕಂತು ಯಾರಿಗಿದೆ?

ತೊಡೆಸಂದಿನ ಹರ್ನಿಯಾ ಅಂಥ ಭಯಂಕರ ರೋಗವೇನಲ್ಲ. ಹೊಟ್ಟೆಯ ಗೋಡೆಯಲ್ಲಿ ಎಲ್ಲೋ ಒಂದು ಕಡೆ ಬಲ ಕಡಿಮೆಯಾಗಿ, ಕರುಳಿನ ಒಂದು ಭಾಗ ಅಲ್ಲಿಂದ ಹೊರಕ್ಕೆ ತೂರುತ್ತದೆ. ನಿಂತಾಗ, ಕೆಮ್ಮಿದಾಗ, ಭಾರ ಎತ್ತಿದಾಗ ಗಂಟಿನಂತೆ ಉಬ್ಬುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ. ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಒಂದೆರಡು ದಿನಗಳಲ್ಲಿ ಮನೆಗೆ ಹೋಗಬಹುದು. ಆದರೆ ಹೊರಬಂದ ಕರುಳು ಒಳಗೆ ಹೋಗದೆ ಅಲ್ಲೇ ಸಿಕ್ಕಿಹಾಕಿಕೊಂಡರೆ ಅದಕ್ಕೆ ರಕ್ತ ಪೂರೈಕೆ ನಿಂತು, ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಆಗ ಅರ್ಧರಾತ್ರಿಯಲ್ಲಿ ಹೊಟ್ಟೆ ತೆರೆದು, ಕೊಳೆತ ಕರುಳನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಜೋಡಿಸಿ, ರೋಗಿಯನ್ನು ತೀವ್ರ ನಿಗಾ ಘಟಕದಲ್ಲಿ ಇಡಬೇಕಾಗುತ್ತದೆ. ಖರ್ಚು ಹಲವು ಪಟ್ಟು ಏರುತ್ತದೆ. ಪ್ರಾಣ ಉಳಿಯುವ ಭರವಸೆಯೂ ಇರುವುದಿಲ್ಲ.

ಇದನ್ನೆಲ್ಲ ವಿವರಿಸಿ "ಆಪರೇಷನ್ ಮಾಡಿಸಿಕೊಳ್ಳಿ" ಎಂದು ಹೇಳಿದಾಗ ವೈದ್ಯರಿಗೆ ಸಿಗುವ ಉತ್ತರ ಬಹುತೇಕ ಒಂದೇ: "ಸುಗ್ಗಿ ಮುಗೀಲಿ ಸಾರ್, ಆಮೇಲೆ ನೋಡೋಣ." ಸುಗ್ಗಿ ಮುಗಿದ ಮೇಲೆ ಮಗಳ ಮದುವೆ, ಅದಾದ ಮೇಲೆ ಮಗನ ಕಾಲೇಜಿನ ಫೀಜು. ಇದನ್ನು ಅಜ್ಞಾನವೆಂದು ಬೈಯುವುದು ನಮ್ಮ ವೃತ್ತಿಯವರ ಒಂದು ಕೆಟ್ಟ ಅಭ್ಯಾಸ. ಅದು ಅಜ್ಞಾನವಲ್ಲ, ಲೆಕ್ಕಾಚಾರ. ಕೈಯಲ್ಲಿರುವ ಹಣ ಇಷ್ಟೇ; ನೋವಿಲ್ಲದ ಗಂಟಿಗೆ ಅದನ್ನು ಸುರಿಯಲು ಯಾವ ಮನೆಯ ಯಜಮಾನನಿಗೂ ಮನಸ್ಸು ಬರುವುದಿಲ್ಲ. ಎದೆನೋವು, ಸ್ತನದಲ್ಲಿನ ಗಂಟು, ಪಿತ್ತಕೋಶದ ಕಲ್ಲು, ಗರ್ಭಕೋಶದ ರಕ್ತಸ್ರಾವ ಎಲ್ಲದರ ಕಥೆಯೂ ಇದೇ. ಆಸ್ಪತ್ರೆಯ ಬಿಲ್ಲಿಗೆ ಹೆದರಿ ರೋಗಿ ತಡಮಾಡುತ್ತಾನೆ. ತಡಮಾಡಿದ್ದರಿಂದಲೇ ಬಿಲ್ಲು ಬೆಳೆಯುತ್ತದೆ.

ಆರೋಗ್ಯ ವಿಮೆಯ ಮಾತು ಬರುವುದು ಇಲ್ಲಿ. ವಿಮೆಯೆಂದರೆ ದೊಡ್ಡ ಬಿಲ್ಲು ಬಂದಾಗ ಕಾಪಾಡುವ ದುಡ್ಡು ಎಂದು ನಾವು ತಿಳಿದಿದ್ದೇವೆ. ಅದು ನಿಜವಾದರೂ ಅರ್ಧ ಮಾತ್ರ ನಿಜ. ವಿಮೆಯ ನಿಜವಾದ ಉಪಯೋಗ ರೋಗಿಯನ್ನು ಸಕಾಲದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿಸುವುದರಲ್ಲಿದೆ. ಕೌಂಟರಿನಲ್ಲಿ "ಮೊದಲು ಅಡ್ವಾನ್ಸ್ ಕಟ್ಟಿ" ಎನ್ನುವುದಿಲ್ಲ ಎಂಬ ಧೈರ್ಯವಿದ್ದರೆ ಆತ ಸುಗ್ಗಿಗೆ ಕಾಯುವುದಿಲ್ಲ. ಆದರೆ ಆ ಧೈರ್ಯ ಕೊಡುವ ವಿಮೆಯ ಕಂತು ಅವನ ಕೈಗೆ ಎಟಕುವಂತಿರಬೇಕು.

ಕೈಗೆಟಕುವ ಕಂತು ಎಂದರೆ ಎಷ್ಟು? ಇದಕ್ಕೆ ಕರ್ನಾಟಕದಲ್ಲಿಯೇ ಒಂದು ಉತ್ತರ ಸಿಕ್ಕಿದೆ. 2003ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯರು ತಿಂಗಳಿಗೆ 5 ರೂ., ಅಂದರೆ ವರ್ಷಕ್ಕೆ 60 ರೂ. ಕಟ್ಟಬೇಕಾಗಿತ್ತು. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿಯವರು ಮುಂದಿಟ್ಟ ಕಲ್ಪನೆ ಅದು. ಎಸ್.ಎಂ. ಕೃಷ್ಣ ಅವರ ಸರಕಾರ ಅದಕ್ಕೆ ಬೆಂಬಲ ಕೊಟ್ಟು, ತನ್ನ ಪಾಲಿನ ಹಣವನ್ನೂ ಸೇರಿಸಿತು. ಅದರ ಹಿಂದಿನ ತರ್ಕ ಬಹಳ ಸರಳ. ಊರೂರಿನ ನರ್ಸಿಂಗ್ ಹೋಂಗಳಲ್ಲಿ ಹಾಸಿಗೆಗಳು, ಶಸ್ತ್ರಚಿಕಿತ್ಸಾ ಕೊಠಡಿಗಳು ದಿನದ ಬಹುಪಾಲು ಖಾಲಿ ಇರುತ್ತವೆ. ಹೊರಗೆ ಶಸ್ತ್ರಚಿಕಿತ್ಸೆ ಬೇಕಾದವರು ಹಣವಿಲ್ಲದೆ ಕಾಯುತ್ತಿರುತ್ತಾರೆ. ಲಕ್ಷಾಂತರ ಜನ ಸ್ವಲ್ಪ ಸ್ವಲ್ಪ ಕೊಟ್ಟರೆ ಈ ಇಬ್ಬರನ್ನೂ ಕೂಡಿಸಬಹುದು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಎರಡನೆಯ ವರ್ಷ ಈ ಸಂಖ್ಯೆ 20 ಲಕ್ಷ ಮುಟ್ಟಿತು.

ಮೂರನೆಯ ವರ್ಷ ಏನಾಯಿತೆಂಬುದನ್ನು ಯೋಜನೆಗಳನ್ನು ರೂಪಿಸುವ ಅಧಿಕಾರಿಗಳು ಗೋಡೆಗೆ ಅಂಟಿಸಿಕೊಳ್ಳಬೇಕು. 2005-06ರಲ್ಲಿ ಕಂತನ್ನು ತಿಂಗಳಿಗೆ 10 ರೂ.ಗೆ ಏರಿಸಲಾಯಿತು. ವರ್ಷಕ್ಕೆ 120 ರೂ. ಪೇಟೆಯಲ್ಲಿರುವ ನಮಗೆ ಅದು ಒಂದು ಹೊತ್ತಿನ ಹೋಟೆಲಿನ ಖರ್ಚು. ಆದರೆ ಸದಸ್ಯರ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ಒಬ್ಬನಿಗೆ 60 ರೂ. ಹೆಚ್ಚಾದರೆ ಐದಾರು ಜನರ ಮನೆಗೆ 300 ರೂ.ಗಿಂತ ಹೆಚ್ಚಾಯಿತು; ಅದೂ ಯಾವ ಕಾಯಿಲೆಯೂ ಇಲ್ಲದ ಹೊತ್ತಿನಲ್ಲಿ, ಒಂದೇ ಗಂಟಿನಲ್ಲಿ ಕೊಡಬೇಕಾದ ಹಣ. ಮರುವರ್ಷ ಸಂಖ್ಯೆ ಮತ್ತೆ ಚೇತರಿಸಿಕೊಂಡಿತೆಂಬುದು ಬೇರೆ ಮಾತು.

ಯಶಸ್ವಿನಿಯ ಮಿತಿಗಳೂ ಕಡಿಮೆಯಿರಲಿಲ್ಲ. ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ವಿಮೆ. ಹರ್ನಿಯಾ, ಹೃದಯದ ಕವಾಟ ಮುಂತಾದವಕ್ಕೆ ಹಣ ಸಿಗುತ್ತಿತ್ತು. ನ್ಯುಮೋನಿಯಾ ಬಂದು ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದವನಿಗೆ ಸಿಗುತ್ತಿರಲಿಲ್ಲ. ಹಾಗಿದ್ದರೂ ಅದರಲ್ಲಿ ಒಂದು ದೊಡ್ಡ ಗುಣವಿತ್ತು. ಸಂಘದ ಸದಸ್ಯರು ಗುಂಪಾಗಿ ಸೇರುತ್ತಿದ್ದುದರಿಂದ ಆರೋಗ್ಯವಂತರೂ ರೋಗಿಗಳೂ ಒಂದೇ ಚೀಲಕ್ಕೆ ಹಣ ಹಾಕುತ್ತಿದ್ದರು. ಯಾವ ವಿಮೆಯೂ ಬದುಕುವುದು ಇದರಿಂದಲೇ. ಕಾಯಿಲೆ ಬಂದವರು ಮಾತ್ರ ಓಡಿಬಂದು ಸೇರಿದರೆ ಕಂತು ಏರುತ್ತದೆ, ಏರಿದ ಕಂತಿಗೆ ಹೆದರಿ ಆರೋಗ್ಯವಂತರು ಬಿಟ್ಟು ಹೋಗುತ್ತಾರೆ, ಕಂತು ಇನ್ನೂ ಏರುತ್ತದೆ.

ವಿಮೆಯಿಂದ ನಿಜವಾಗಿ ಪ್ರಾಣ ಉಳಿಯುತ್ತದೆಯೇ, ಅಥವಾ ಆಸ್ಪತ್ರೆಗಳ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೂ ನಮ್ಮ ರಾಜ್ಯದಿಂದಲೇ ಉತ್ತರವಿದೆ. ಬಿ.ಪಿ.ಎಲ್. ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು 2010ರಲ್ಲಿ ಮೊದಲು ಗುಲ್ಬರ್ಗ, ಅಂದರೆ ಈಗಿನ ಕಲಬುರಗಿ, ವಿಭಾಗದಲ್ಲಿ ಜಾರಿಗೆ ತರಲಾಯಿತು. ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ. ಯೋಜನೆ ಇದ್ದ ಜಿಲ್ಲೆಗಳ ಗಡಿಗ್ರಾಮಗಳನ್ನೂ, ಗಡಿಯ ಆಚೆ ಇನ್ನೂ ಯೋಜನೆ ತಲುಪದಿದ್ದ ಗ್ರಾಮಗಳನ್ನೂ ಹೋಲಿಸಿ ನೀರಜ್ ಸೂದ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಒಂದೇ ಮಾತು, ಒಂದೇ ಮಳೆ, ಒಂದೇ ಬಡತನದ ಊರುಗಳು. ನಡುವೆ ಒಂದು ಆಡಳಿತದ ಗೆರೆ ಮಾತ್ರ. ಯೋಜನೆಯಿದ್ದ ಕಡೆಯ ಬಡ ಕುಟುಂಬಗಳಲ್ಲಿ ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವು ಶೇ. 64ರಷ್ಟು ಕಡಿಮೆಯಿತ್ತು. ಆಸ್ಪತ್ರೆಗೆ ದಾಖಲಾದಾಗ ಕೈಯಿಂದ ಮಾಡುವ ಖರ್ಚು ಸುಮಾರು ಮೂರನೆಯ ಒಂದು ಭಾಗ ಇಳಿದಿತ್ತು. ಒಂದೇ ಅಧ್ಯಯನದ ಮೇಲೆ ಎಲ್ಲವನ್ನೂ ಕಟ್ಟಬಾರದೆಂಬ ಎಚ್ಚರಿಕೆ ಸರಿಯೇ. ಆದರೂ ಗೆರೆಯ ಈಚೆ ಇದ್ದವನು ಬದುಕಿ, ಆಚೆ ಇದ್ದವನು ಸತ್ತ ಎಂಬುದನ್ನು ಹಗುರವಾಗಿ ತಳ್ಳಿಹಾಕಲಾಗದು.

ಅಲ್ಲಿ ಬರೀ ಕಾರ್ಡು ಕೊಟ್ಟು ಕೈತೊಳೆದುಕೊಂಡಿರಲಿಲ್ಲ ಎಂಬುದನ್ನು ಗಮನಿಸಬೇಕು. ದೊಡ್ಡ ಆಸ್ಪತ್ರೆಗಳು ಹೆಚ್ಚಾಗಿ ಬೆಂಗಳೂರಿನಲ್ಲಿದ್ದುದರಿಂದ ಊರುಗಳ ಬಳಿಯೇ ತಪಾಸಣಾ ಶಿಬಿರ ನಡೆಸಿ, ರೋಗ ಪತ್ತೆ ಹಚ್ಚಿ, ರೋಗಿಯನ್ನು ಅಲ್ಲಿಗೆ ಕಳುಹಿಸುವ ವ್ಯವಸ್ಥೆ ಮಾಡಲಾಗಿತ್ತು. ಬೀದರ್‌ನ ಹಳ್ಳಿಯೊಂದರ ಕೂಲಿಯ ಹೆಂಗಸಿಗೆ ಕವಾಟದ ಶಸ್ತ್ರಚಿಕಿತ್ಸೆ ಉಚಿತವೆಂದರೆ ಸಾಲದು. ಬೆಂಗಳೂರಿಗೆ ಹೋಗುವುದು ಹೇಗೆ, ಜೊತೆಗೆ ಯಾರು, ಅವರ ಊಟ ಎಲ್ಲಿ ಎಂಬುದಕ್ಕೂ ಉತ್ತರ ಬೇಕು.

2018ರಲ್ಲಿ ಈ ಬಗೆಬಗೆಯ ಯೋಜನೆಗಳನ್ನೆಲ್ಲ ಒಂದೇ ಸೂರಿನಡಿ ತರಲಾಯಿತು. ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಕೂಡಿ ಅದು ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಎನಿಸಿತು. ಅದರ ನಿಯಮದಂತೆ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ರೂ. ಮಿತಿಯೊಳಗೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು.

ನನ್ನ ತಕರಾರು ಇರುವುದು ಈ ಶೇ. 30ರ ಬಗ್ಗೆ. ಎ.ಪಿ.ಎಲ್. ಎಂದರೆ ಶ್ರೀಮಂತರೆಂದು ಅರ್ಥವೇ? ಸ್ವಂತ ಆಟೋ ಓಡಿಸುವವನು, ಮೂಲೆಯ ಕಿರಾಣಿ ಅಂಗಡಿಯವನು, ಖಾಸಗಿ ಶಾಲೆಯ ಮೇಷ್ಟ್ರು, ಮನೆಯಲ್ಲೇ ಹೊಲಿಗೆ ಹಾಕುವ ಹೆಂಗಸು, ನಾಲ್ಕೆಕರೆ ಖುಷ್ಕಿ ಜಮೀನಿನ ರೈತ — ಇವರಲ್ಲಿ ಎಷ್ಟೋ ಮಂದಿಯ ಬಳಿ ಬಿ.ಪಿ.ಎಲ್. ಕಾರ್ಡಿಲ್ಲ. ಲಕ್ಷ ರೂ. ದರದ ಶಸ್ತ್ರಚಿಕಿತ್ಸೆಗೆ ಇವರು 70 ಸಾವಿರ ಹೊಂದಿಸಬೇಕು. ಕೈಸಾಲ, ಒಡವೆಯ ಅಡವು, ಕೊನೆಗೆ ಜಮೀನು. ಯಶಸ್ವಿನಿಯಲ್ಲಿ ಇದ್ದಾಗ ಅದೇ ರೈತನಿಗೆ ಆ ತೊಂದರೆಯಿರಲಿಲ್ಲ; ವಿಲೀನವಾದಾಗ ಆತ ಇದ್ದುದನ್ನೂ ಕಳೆದುಕೊಂಡ. ಯಶಸ್ವಿನಿಯನ್ನು ಮತ್ತೆ ಬೇಡುವ ಕೂಗು ಎದ್ದುದು ಸುಮ್ಮನಲ್ಲ. 2022-23ರಲ್ಲಿ ಅದು ಮರುಜಾರಿಯಾದಾಗ ಗ್ರಾಮೀಣ ಸಹಕಾರಿಗಳ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂ., ನಗರದವರಿಗೆ 1,000 ರೂ. ಕಂತು ಗೊತ್ತಾಯಿತು, ಕುಟುಂಬಕ್ಕೆ 5 ಲಕ್ಷ ರೂ.ವರೆಗಿನ ರಕ್ಷಣೆ. ಒಳ್ಳೆಯ ಕೆಲಸವೇ. ಆದರೆ ಸಹಕಾರ ಸಂಘದ ಸದಸ್ಯತ್ವವಿಲ್ಲದ ಆಟೋದವನು, ಮೇಷ್ಟ್ರು ಈಗಲೂ ಹೊರಗೇ.

ಕಾರ್ಖಾನೆಯ ಕೆಲಸಗಾರರಿಗೆ ಇ.ಎಸ್.ಐ. ಇದೆ. 1948ರ ಕಾನೂನಿನಡಿ 1952ರಲ್ಲಿ ಜಾರಿಗೆ ಬಂದದ್ದು. ಅದರ ಡಿಸ್ಪೆನ್ಸರಿಗಳ ಸರತಿ ಸಾಲನ್ನು ಬೈಯದವರಿಲ್ಲ. ಆದರೆ ಬೇರೆ ಯಾವ ವಿಮೆಯಲ್ಲೂ ಸುಲಭವಾಗಿ ಸಿಗದ ಎರಡು ಸಂಗತಿ ಅದರಲ್ಲಿವೆ. ಆಸ್ಪತ್ರೆಗೆ ದಾಖಲಾಗದ ಸಾಮಾನ್ಯ ಕಾಯಿಲೆಗೂ ಔಷಧಿ ಸಿಗುತ್ತದೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ, ವರ್ಷದಲ್ಲಿ 91 ದಿನಗಳವರೆಗೆ, ಶೇ. 70ರಷ್ಟು ಕೂಲಿಯೂ ಸಿಗುತ್ತದೆ. 2019ರಿಂದ ಕೆಲಸಗಾರನ ಪಾಲು ಸಂಬಳದ ಶೇ. 0.75, ಮಾಲೀಕನದು ಶೇ. 3.25 ಎಂದು ಗೊತ್ತಾಯಿತು. 20 ಸಾವಿರ ಸಂಬಳದವನಿಗೆ ತಿಂಗಳಿಗೆ 150 ರೂ. ಸಂಬಳಕ್ಕೆ ತಕ್ಕ ಕಂತು, ಮನೆಮಂದಿಗೆಲ್ಲ ರಕ್ಷಣೆ. ಈ ತತ್ವವನ್ನು ಕಾರ್ಖಾನೆಯ ಗೇಟಿನ ಹೊರಗೆ ತರಲು ಇಷ್ಟು ವರ್ಷಗಳಾದರೂ ನಮಗೆ ಆಗಿಲ್ಲ.

ಇನ್ನು ಉಳಿದದ್ದು ಪೇಟೆಯ ವಿಮೆ. 1986ರಲ್ಲಿ ಸರಕಾರಿ ಸಾಮಾನ್ಯ ವಿಮಾ ಕಂಪನಿಗಳು ಮೆಡಿಕ್ಲೈಮ್ ತಂದಾಗಿನಿಂದ ಇದು ಬೆಳೆದು ದೊಡ್ಡ ವ್ಯಾಪಾರವಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಶೇ. 18ರ ಜಿ.ಎಸ್.ಟಿ.ಯನ್ನು ತೆಗೆದದ್ದು ಸ್ವಾಗತಾರ್ಹ. ಕಾಯಿಲೆಗೆ ಮುಂಜಾಗ್ರತೆ ವಹಿಸಿದವನಿಗೆ ತೆರಿಗೆ ಹಾಕುವ ಪದ್ಧತಿಯನ್ನು ಅಷ್ಟು ವರ್ಷ ಸಹಿಸಿದ್ದೇ ಹೆಚ್ಚು! ಆದರೂ ವಯಸ್ಸಾದಂತೆ ಏರುವ ಈ ಕಂತು ಮೇಷ್ಟ್ರಿಗೂ ಆಟೋದವನಿಗೂ ಭಾರವೇ.

ಕಷ್ಟಪಟ್ಟು ಕಟ್ಟಿದವರೂ ಪಾಲಿಸಿಯನ್ನು ಓದುವುದಿಲ್ಲ. ಸಾಮಾನ್ಯವಾಗಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಹಣ ಬರುವುದಿಲ್ಲ. ಹರ್ನಿಯಾ, ಕಣ್ಣಿನ ಪೊರೆ, ಕಲ್ಲು ಮುಂತಾದವಕ್ಕೆ ಹಲವು ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ ನಾಲ್ಕು ವರ್ಷವಿದ್ದದ್ದನ್ನು 2024ರಲ್ಲಿ ಮೂರಕ್ಕೆ ಇಳಿಸಲಾಯಿತು. ಆದ್ದರಿಂದ ಗಂಟು ಕಾಣಿಸಿಕೊಂಡ ಮೇಲೆ ಏಜೆಂಟನನ್ನು ಹುಡುಕಿ ಫಲವಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕೊಠಡಿ ಬಾಡಿಗೆಯ ಷರತ್ತಿನಲ್ಲಿ. ನಿಮ್ಮ ಪಾಲಿಸಿಯಲ್ಲಿ ದಿನಕ್ಕೆ 3,000 ರೂ. ಬಾಡಿಗೆಯ ಮಿತಿ ಇದೆಯೆಂದುಕೊಳ್ಳಿ. ನೀವು 6,000 ರೂ. ಕೊಠಡಿಯಲ್ಲಿ ನಾಲ್ಕು ದಿನ ಇದ್ದಿರಿ. ಬಾಡಿಗೆ 24,000 ರೂ., ಶಸ್ತ್ರವೈದ್ಯರ ಫೀಜು, ಶಸ್ತ್ರಚಿಕಿತ್ಸಾ ಕೊಠಡಿ, ದಾದಿಯರ ಶುಲ್ಕ ಇತ್ಯಾದಿ 96,000 ರೂ., ಔಷಧಿ 40,000 ರೂ.; ಒಟ್ಟು 1,60,000 ರೂ. ಬಾಡಿಗೆಯ ವ್ಯತ್ಯಾಸ 12,000 ರೂ. ಮಾತ್ರ ತಾನೇ ನಾನು ಕೊಡಬೇಕಾದ್ದು ಎಂದು ನೀವು ಭಾವಿಸುತ್ತೀರಿ. ಅಲ್ಲ. ಕೊಠಡಿ ಮಿತಿಯ ಎರಡರಷ್ಟಾದ್ದರಿಂದ, ಇಂಥ ಷರತ್ತಿರುವ ಪಾಲಿಸಿಯಲ್ಲಿ ಆ 96,000ದಲ್ಲೂ ಅರ್ಧವನ್ನೇ ಕಂಪನಿ ಕೊಡುತ್ತದೆ. ಔಷಧಿಗೆ ಈ ಕಡಿತ ತಾಗುವುದಿಲ್ಲ. ಕೊನೆಗೆ ಕಂಪನಿಯಿಂದ ಒಂದು ಲಕ್ಷ, ನಿಮ್ಮ ಜೇಬಿನಿಂದ 60,000 ರೂ. "ಇನ್ಶೂರೆನ್ಸ್ ಇದೆಯಲ್ಲ, ಒಳ್ಳೆ ರೂಮೇ ತಗೊಳ್ಳಿ" ಎಂದು ನೆಂಟರು ಹೇಳಿದಾಗ ಈ ಲೆಕ್ಕ ನೆನಪಿರಲಿ. ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಕೊಡಬೇಕೆಂದು 2020ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ 'ಆರೋಗ್ಯ ಸಂಜೀವನಿ'ಯಲ್ಲೂ ಬಾಡಿಗೆಗೆ ಮಿತಿಯಿದೆ, ಬಿಲ್ಲಿನ ಶೇ. 5ನ್ನು ರೋಗಿಯೇ ಭರಿಸಬೇಕು. ಆದರೆ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ ಆದ್ದರಿಂದ ಕಂತನ್ನು ಮಾತ್ರ ಹೋಲಿಸಿ ಕೊಳ್ಳಬಹುದು. ಜನಸಾಮಾನ್ಯರಿಗೆ ಇದು ಸಣ್ಣ ಅನುಕೂಲವಲ್ಲ.

"ಶುಗರ್ ಇದೆ ಅಂತ ಬರೀಬೇಡಿ ಡಾಕ್ಟ್ರೇ, ಪಾಲಿಸಿ ಕೊಡಲ್ಲ" ಎಂದು ಅಂಗಲಾಚುವವರನ್ನು ವೈದ್ಯರೆಲ್ಲರೂ ಕಂಡಿರುತ್ತಾರೆ. ಮುಚ್ಚಿಡಬೇಡಿ. ಹೃದಯಾಘಾತವಾಗಿ ಮಲಗಿದಾಗ ಹಳೆಯ ಚೀಟಿಯೊಂದು ಹೊರಬಂದು, ಇಷ್ಟು ದಿನ ಕಟ್ಟಿದ ಕಂತೆಲ್ಲ ನೀರುಪಾಲಾಗಬಹುದು.

ಹಾಗೆಂದು ವಿಮೆ ಹೆಚ್ಚಿದಷ್ಟೂ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಶಸ್ತ್ರಚಿಕಿತ್ಸೆಗೆ ಮಾತ್ರ ಹಣ ಕೊಟ್ಟರೆ ಬೇಡದ ಶಸ್ತ್ರಚಿಕಿತ್ಸೆಗಳೂ ಹೆಚ್ಚುತ್ತವೆ. 2012ರಲ್ಲಿ ಛತ್ತೀಸಗಢ, ಬಿಹಾರಗಳಲ್ಲಿ ಬಡವರ ವಿಮಾ ಕಾರ್ಡಿನ ಹಣಕ್ಕಾಗಿ ಆರೋಗ್ಯವಂತ ಹೆಂಗಸರ ಗರ್ಭಕೋಶವನ್ನೂ ತೆಗೆದರೆಂಬ ಆರೋಪ ದೇಶದಲ್ಲೆಲ್ಲ ಗದ್ದಲವೆಬ್ಬಿಸಿತ್ತು. ಬಿಳುಪು ಹೋಗುತ್ತದೆಂಬ ಒಂದೇ ಕಾರಣಕ್ಕೆ ಗರ್ಭಕೋಶ ತೆಗೆಸಬೇಕೆಂದು ಯಾರಾದರೂ ಹೇಳಿದರೆ, ಕಾರ್ಡು ಇದ್ದರೂ ಸರಿ, ಇನ್ನೊಬ್ಬ ವೈದ್ಯರನ್ನು ಕೇಳಿ. ಖಾಸಗಿ ಆಸ್ಪತ್ರೆಗಳ ದೂರೂ ಪೂರ್ತಿ ಸುಳ್ಳಲ್ಲ: ಪ್ಯಾಕೇಜ್ ದರ ತೀರಾ ಕಡಿಮೆಯಿಟ್ಟು, ಅದನ್ನೂ ತಿಂಗಳುಗಟ್ಟಲೆ ತಡಮಾಡಿದರೆ, ಒಳ್ಳೆಯ ಆಸ್ಪತ್ರೆಗಳು ಯೋಜನೆಯಿಂದ ಹೊರಗುಳಿಯುತ್ತವೆ, ಉಳಿದವು ರೋಗಿಯ ಕೈಯಿಂದಲೇ ಗುಟ್ಟಾಗಿ ವಸೂಲು ಮಾಡುತ್ತವೆ. ಅಗ್ಗದ ಕಂತಿಗೆ ಕಳಪೆ ಚಿಕಿತ್ಸೆ ಸಿಗುವಂತಾದರೆ ಅಂಥ ವಿಮೆಯಿಂದ ಯಾರಿಗೂ ಉಪಕಾರವಿಲ್ಲ. ಸರಕಾರ ಸರಿಯಾದ ದರ ಕೊಟ್ಟು, ಸಕಾಲದಲ್ಲಿ ಕೊಟ್ಟು, ಬದಲಿಗೆ ಗುಣಮಟ್ಟವನ್ನು ದಬಾಯಿಸಿ ಕೇಳಬೇಕು. ಒಬ್ಬ ರೋಗಿ ಆಸ್ಪತ್ರೆಯೊಡನೆ ಚೌಕಾಸಿ ಮಾಡಲಾರ. ಲಕ್ಷಗಟ್ಟಲೆ ಜನರ ಪರವಾಗಿ ಹಣ ಕೊಡುವವನು ಮಾಡಬಲ್ಲ.

ಸಾಮಾನ್ಯ ಕಾಯಿಲೆಗಳ ಔಷಧಿಯ ಖರ್ಚನ್ನಂತೂ ಈ ಕಾರ್ಡುಗಳು ಮುಟ್ಟುವುದೇ ಇಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಜೇಬಿನಿಂದ ಕೊಡುತ್ತಿದ್ದುದು ಶೇ. 64.2. 2021-22ರ ಹೊತ್ತಿಗೆ ಅದು ಶೇ. 39.4ಕ್ಕೆ ಇಳಿಯಿತು. ಇಳಿದದ್ದು ಸಂತೋಷ, ಉಳಿದದ್ದರಲ್ಲಿ ದೊಡ್ಡ ಪಾಲು ತಿಂಗಳು ತಿಂಗಳೂ ಕೊಳ್ಳುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳಂಥವು. ಅದಕ್ಕೆ ಮದ್ದು ವಿಮೆಯಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರೂ ಮಾತ್ರೆಯೂ ಇರುವುದು. ಆ ಕೇಂದ್ರಕ್ಕೆ ಕೊಡಬೇಕಾದ ಹಣವನ್ನು ಕತ್ತರಿಸಿ ಕಾರ್ಡಿಗೆ ಹಾಕುವುದು ಬೇರು ಕಡಿದು ಎಲೆಗೆ ನೀರು ಚಿಮುಕಿಸಿದಂತೆ.

ಹಾಗಾದರೆ ಆಟೋದವನಿಗೆ, ಮೇಷ್ಟ್ರಿಗೆ ಏನು ದಾರಿ? ಆರೋಗ್ಯ ಕರ್ನಾಟಕದ ಪೂರ್ಣ ರಕ್ಷಣೆಯನ್ನು ಎ.ಪಿ.ಎಲ್. ಕುಟುಂಬಗಳೂ ಒಂದು ಸಾಧಾರಣ ಕಂತು ಕಟ್ಟಿ ಪಡೆಯುವಂತೆ ಬಾಗಿಲು ತೆರೆಯಬೇಕೆಂಬುದು ನನ್ನ ಅಭಿಪ್ರಾಯ. ಬಿಡಿ ಬಿಡಿಯಾಗಿ ಬೇಡ. ಆಟೋ ಚಾಲಕರ ಸಂಘ, ವರ್ತಕರ ಸಂಘ, ಶಾಲೆ, ಸ್ತ್ರೀಶಕ್ತಿ ಗುಂಪುಗಳ ಮೂಲಕ ಗುಂಪಾಗಿ ಸೇರಲಿ. ಕಂತನ್ನು ವರ್ಷಕ್ಕೊಮ್ಮೆ ಒಟ್ಟಾಗಿ ಕೇಳದೆ ತಿಂಗಳು ತಿಂಗಳು ಸಂಗ್ರಹಿಸಲಿ. ಹಾಲಿನ ಡೇರಿಯ ಬಟವಾಡೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಮುರಿದುಕೊಂಡರೆ ರೈತನಿಗೆ ಗೊತ್ತಾಗುವುದಿಲ್ಲ. ಅದೇ ಹಣವನ್ನು ಬಿತ್ತನೆಯ ಕಾಲದಲ್ಲಿ ಒಂದೇ ಸಲ ಕೇಳಿದರೆ ಅವನ ಕೈ ಮೇಲೇಳುವುದಿಲ್ಲ.

ಅಲ್ಲಿಯವರೆಗೆ ಕೈಗೆ ಸಿಗುವುದನ್ನಾದರೂ ಬಿಡಬೇಡಿ. ನೀವೋ ನಿಮ್ಮ ಮನೆಯವರೋ ಹಾಲು ಉತ್ಪಾದಕರ ಸಂಘದಲ್ಲಿ ಅಥವಾ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಸದಸ್ಯರಾಗಿದ್ದರೆ ಯಶಸ್ವಿನಿಯ ನೋಂದಣಿ ಯಾವಾಗ ಎಂದು ಸಂಘದ ಕಾರ್ಯದರ್ಶಿಯವರನ್ನು ವಿಚಾರಿಸಿ. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಹೆಸರು ಬರೆದುಕೊಳ್ಳುತ್ತಾರೆ. ಕೊನೆಯ ದಿನ ದಾಟಿದರೆ ಮುಂದಿನ ವರ್ಷವೇ. ಹೆಸರು ಬರೆಸುವಾಗ ಮನೆಯ ವಯಸ್ಸಾದವರನ್ನೂ ಮಕ್ಕಳನ್ನೂ ಬಿಡಬೇಡಿ, ಕಾರ್ಡಿನಲ್ಲಿ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇದೆಯೇ ನೋಡಿಕೊಳ್ಳಿ. ಆಸ್ಪತ್ರೆಗೆ ಹೋದಾಗ ಬಿಲ್ಲಿನ ಕೌಂಟರಿಗಿಂತ ಮೊದಲು ಯೋಜನೆಯ ಮೇಜು ಎಲ್ಲಿದೆಯೆಂದು ಕೇಳಿ, ಕಾರ್ಡನ್ನು ದಾಖಲಾಗುವ ದಿನವೇ ತೋರಿಸಿ. ಬಿಡುಗಡೆಯ ದಿನ ತೋರಿಸಿದರೆ ಕಷ್ಟ.